ಗದ್ದೆಗಳ ನಡುವೆ ಬಂದ ಎಣ್ಣೆ ಕಾರ್ಖಾನೆ



ನಿಮ್ಮ ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್, ಅಡಿಗೆಮನೆಯ ಸಿಲಿಂಡರಿನ ಗ್ಯಾಸು, ಊರ ರಸ್ತೆಗೆ ಸುರಿಯುವ ಡಾಂಬರು ಇವೆಲ್ಲ ಒಂದೇ ಕಚ್ಚಾ ಎಣ್ಣೆಯ ಮಕ್ಕಳು. ಈ ಕಚ್ಚಾ ಎಣ್ಣೆಯನ್ನು ಶುದ್ಧಿ ಮಾಡುವ ದೊಡ್ಡ ಕಾರ್ಖಾನೆ ನಮ್ಮ ರಾಜ್ಯದಲ್ಲಿ ಇರುವುದು ಒಂದೇ. ಅದು ಮಂಗಳೂರಿನ ಉತ್ತರಕ್ಕೆ, ಸುರತ್ಕಲ್ಲಿನ ಸಮೀಪ, ಕುತ್ತೆತ್ತೂರಿನಲ್ಲಿದೆ. ಅದರ ಹೆಸರು ಮಂಗಳೂರು ರಿಫೈನರಿ ಅಂಡ್ ಪೆಟ್ರೋಕೆಮಿಕಲ್ಸ್. ಜನರ ಬಾಯಲ್ಲಿ ಎಂ.ಆರ್.ಪಿ.ಎಲ್. ಈ ಕಾರ್ಖಾನೆಯ ಕಥೆ ಯಂತ್ರಗಳ ಕಥೆ ಮಾತ್ರವಲ್ಲ, ನೆಲ ಮತ್ತು ನೀರಿನ ಕಥೆಯೂ ಹೌದು. ನಾಳೆ ನಿಮ್ಮ ಊರಿಗೂ ಒಂದು ಕಾರ್ಖಾನೆಯೋ ಕೊಳವೆ ಮಾರ್ಗವೋ ಬರಬಹುದಾದ್ದರಿಂದ ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಆ ನೆಲ ಹೇಗಿತ್ತು?

ಕರಾವಳಿಯ ರೈತರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ. ಮಧ್ಯದ ಮಜಲಿನಲ್ಲಿ ಏಣೆಲು ಮತ್ತು ಸುಗ್ಗಿ. ತಗ್ಗಿನ ಬೈಲಿನಲ್ಲಿ ನೀರಿನ ಅನುಕೂಲವಿದ್ದರೆ ಬೇಸಿಗೆಯ ಕೊಳಕೆಯೂ ಸೇರಿ ಮೂರು ಭತ್ತದ ಬೆಳೆ. ಗದ್ದೆ ಅಂಚಿನಲ್ಲಿ ತೆಂಗು, ಸುಗ್ಗಿಯ ನಂತರ ಉದ್ದು, ಹೆಸರು, ತರಕಾರಿ. ಮೇಲಿನ ಮುರಕಲ್ಲಿನ ಗುಡ್ಡದಿಂದ ಸೊಪ್ಪು, ತರಗೆಲೆ, ದನಗಳಿಗೆ ಮೇವು.

ಈ ಗುಡ್ಡಗಳಲ್ಲಿ ಬಹಳಷ್ಟು ಕುಮ್ಕಿ ಜಮೀನು. ಅಲ್ಲಿ ವರ್ಗದಾರನಿಗೆ ಸೊಪ್ಪು ಸೌದೆ ತರುವ ಅನುಭೋಗದ ಸೌಲಭ್ಯವಿತ್ತೇ ಹೊರತು ಒಡೆತನ ಇರಲಿಲ್ಲ. ಗದ್ದೆಗೆ ಗೊಬ್ಬರ ಕೊಡುತ್ತಿದ್ದ ಗುಡ್ಡ ಪಟ್ಟಾ ಕಾಗದದಲ್ಲಿ ಕಾಣುವುದಿಲ್ಲ ಎಂಬ ಮಾತನ್ನು ನೆನಪಿಡಿ.

ಇನ್ನೊಂದು ಸಂಗತಿಯೂ ಇದೆ. ಭೂಸುಧಾರಣಾ ತಿದ್ದುಪಡಿ ಕಾನೂನು 1974ರಲ್ಲಿ ಜಾರಿಗೆ ಬಂದಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಾವಿರಾರು ಗೇಣಿದಾರರು ಭೂ ನ್ಯಾಯಮಂಡಳಿಯ ಮೂಲಕ ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ತಲೆತಲಾಂತರದ ಗೇಣಿ ತಪ್ಪಿ ಸ್ವಂತ ಹೆಸರಿಗೆ ಪಹಣಿ ಬಂದ ಒಂದೆರಡು ದಶಕದೊಳಗೇ ಕಾರ್ಖಾನೆಗಳಿಗಾಗಿ ಭೂಸ್ವಾಧೀನದ ನೋಟೀಸು ಬಂದರೆ ಆ ಮನೆಯವರಿಗೆ ಹೇಗಾಗಿರಬೇಡ, ನೀವೇ ಊಹಿಸಿ.

ಬಂದರಿನಿಂದ ಆರಂಭ

ಪಣಂಬೂರಿನ ನವಮಂಗಳೂರು ಬಂದರನ್ನು 1974ರ ಮೇ 4ರಂದು ದೇಶದ 9ನೇ ಪ್ರಧಾನ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಬಂದರಿಗಾಗಿ ಪಣಂಬೂರಿನ ಸುತ್ತಿನಲ್ಲಿ ನೆಲ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಟ್ಟರು. ಗದ್ದೆಯ ಊರಿನವರು ನಿವೇಶನದ ಊರಿನವರಾದರು.

ಬಂದರಿನ ಹಿಂದೆಯೇ ಕಾರ್ಖಾನೆಗಳು ಬಂದವು. 1976ರಲ್ಲಿ ಪಣಂಬೂರಿನ ಎಂ.ಸಿ.ಎಫ್. ಕಾರ್ಖಾನೆ ಯೂರಿಯಾ ತಯಾರಿಸತೊಡಗಿತು. ನಮ್ಮ ರಾಜ್ಯದ ಎಷ್ಟೋ ಹೊಲಗಳಿಗೆ ಬಿದ್ದ ಯೂರಿಯಾ ಇಲ್ಲಿಯದೇ. ಅದನ್ನು ಬಹುಕಾಲ ತಯಾರಿಸಿದ್ದು ನ್ಯಾಫ್ತಾದಿಂದ. ನ್ಯಾಫ್ತಾ ಎಂದರೆ ಕಚ್ಚಾ ಎಣ್ಣೆಯಿಂದ ಬರುವ, ಪೆಟ್ರೋಲಿನಂತಹ ಹಗುರ ದ್ರವ. ಕೊಚ್ಚಿ–ಮಂಗಳೂರು ಅನಿಲ ಕೊಳವೆ ಸಿದ್ಧವಾದ ಮೇಲೆ ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಸುಮಾರು 450 ಕಿಲೋಮೀಟರ್ ಉದ್ದದ ಆ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಎಣ್ಣೆ ಕಾರ್ಖಾನೆ ಬೆಳೆದ ಬಗೆ

ಎಂ.ಆರ್.ಪಿ.ಎಲ್. ಕಂಪನಿ ಸ್ಥಾಪನೆಯಾದದ್ದು 1988ರಲ್ಲಿ, ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹದ ಜಂಟಿ ಉದ್ಯಮವಾಗಿ. 1996ರಲ್ಲಿ ಕೆಲಸ ಆರಂಭವಾದಾಗ ಅದರ ಸಾಮರ್ಥ್ಯ ವರ್ಷಕ್ಕೆ ಸುಮಾರು 30 ಲಕ್ಷ ಟನ್. 1999ರಲ್ಲಿ ಅದನ್ನು 96.9 ಲಕ್ಷ ಟನ್ನಿಗೆ ಏರಿಸಿದರು. ಆದರೆ ಸಾಲದ ಹೊರೆ ಹೆಚ್ಚಿ ಕಂಪನಿ ನಷ್ಟಕ್ಕೆ ಬಿತ್ತು. 2003ರಲ್ಲಿ ಕೇಂದ್ರ ಸರ್ಕಾರದ ಓ.ಎನ್.ಜಿ.ಸಿ. ಸಂಸ್ಥೆ ಬಿರ್ಲಾ ಸಮೂಹದ ಷೇರುಗಳನ್ನು ಕೊಂಡು ಅದನ್ನು ಮೇಲೆತ್ತಿತು. 2012ರ ಸುಮಾರಿಗೆ ಸಾಮರ್ಥ್ಯ 150 ಲಕ್ಷ ಟನ್ನಿಗೆ ಮುಟ್ಟಿತು.

ಕೆಲಸದ ವಿಧಾನ ಅಕ್ಕಿ ಗಿರಣಿಯನ್ನು ಹೋಲುತ್ತದೆ. ಗಿರಣಿಗೆ ಹೋದ ಭತ್ತ ಅಕ್ಕಿ, ನುಚ್ಚು, ತೌಡು, ಹೊಟ್ಟು ಎಂದು ಬೇರೆಯಾಗುವಂತೆ ಇಲ್ಲಿ ಕಚ್ಚಾ ಎಣ್ಣೆ ಬೇರೆಯಾಗುತ್ತದೆ. ಬೇರ್ಪಡಿಸುವುದು ಶಾಖದಿಂದ. ಎಣ್ಣೆಯನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರವಾದ ಗ್ಯಾಸು, ನ್ಯಾಫ್ತಾ ಮೇಲಕ್ಕೆ ಏರುತ್ತವೆ. ಸೀಮೆ ಎಣ್ಣೆ, ಡೀಸೆಲ್ ನಡುವೆ ನಿಲ್ಲುತ್ತವೆ. ಭಾರದ ಗಸಿ ತಳದಲ್ಲಿ ಉಳಿಯುತ್ತದೆ. ಡಾಂಬರು ಆಗುವುದು ಈ ಗಸಿಯಿಂದ. ಎಣ್ಣೆಯಲ್ಲಿರುವ ಗಂಧಕವನ್ನೂ ಬೇರೆ ತೆಗೆಯುತ್ತಾರೆ. ಗಂಧಕದಿಂದ ಗಂಧಕಾಮ್ಲ, ಅದರಿಂದ ಸೂಪರ್ ಫಾಸ್ಫೇಟ್ ಗೊಬ್ಬರ. ದ್ರಾಕ್ಷಿಯ ಬೂದಿ ರೋಗಕ್ಕೆ ಸಿಂಪಡಿಸುವುದೂ ಗಂಧಕವೇ.

ನೀರಿನ ಪ್ರಶ್ನೆ

ಇಂತಹ ಕಾರ್ಖಾನೆಗೆ ನೀರು ಬಹಳ ಬೇಕು. ಬಂಟ್ವಾಳ ತಾಲ್ಲೂಕಿನ ಸರಪಾಡಿಯ ಬಳಿ ನೇತ್ರಾವತಿಯಿಂದ ನೀರನ್ನು ಪಂಪು ಮಾಡಿ ತರುತ್ತಾರೆ. ಅದೇ ನದಿ ಮಂಗಳೂರು ನಗರಕ್ಕೆ ಕುಡಿಯುವ ನೀರು, ದಂಡೆಯ ಅಡಿಕೆ ತೋಟಗಳಿಗೆ ಜೀವ. ಮಳೆ ಧಾರಾಳವಾದ ಜಿಲ್ಲೆಯಾದರೂ ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಬತ್ತುತ್ತದೆ. 2016ರ ಬೇಸಿಗೆಯಲ್ಲಿ ನೀರಿಲ್ಲದೆ ಕಾರ್ಖಾನೆಯ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಯಿತು. ನಂತರ ತಣ್ಣೀರುಬಾವಿಯಲ್ಲಿ ಸಮುದ್ರದ ಉಪ್ಪು ನೀರನ್ನು ಸಿಹಿ ಮಾಡುವ, ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಘಟಕ ಕಟ್ಟಿದರು. ಕಾರ್ಖಾನೆ ತನ್ನ ನೀರನ್ನು ಬೇರೆ ಕಡೆಯಿಂದ ಹೊಂದಿಸಿಕೊಂಡಷ್ಟೂ ಹೊಳೆಯ ನೀರು ರೈತನಿಗೆ ಉಳಿಯುತ್ತದೆ.

ಒಗ್ಗಟ್ಟಿನ ಫಲ

ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕಾಗಿ ಕುತ್ತೆತ್ತೂರು, ಪೆರ್ಮುದೆ ಮುಂತಾದ ಗ್ರಾಮಗಳ ಭೂಮಿಯನ್ನು ಗುರುತಿಸಿದಾಗ ರೈತರು ಬಲವಾಗಿ ವಿರೋಧಿಸಿದರು. 2011ರಲ್ಲಿ ಸರ್ಕಾರ 2,000 ಎಕರೆಗೂ ಹೆಚ್ಚು ಭೂಮಿಯನ್ನು ಸ್ವಾಧೀನದಿಂದ ಕೈಬಿಟ್ಟಿತು. ಕಾರ್ಖಾನೆ ಬೇಡವೆಂದಲ್ಲ, ಡೀಸೆಲ್ ನಮಗೂ ಬೇಕು. ಆದರೆ ನೆಲ ಎಷ್ಟು ಬೇಕು, ಎಲ್ಲಿಯದು ಬೇಕು ಎಂದು ಕೇಳುವ ಹಕ್ಕು ಉಳುವವನಿಗಿದೆ.

ನೀವು ಮಾಡಬೇಕಾದದ್ದು

ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಕಡೆಗೆ 360 ಕಿಲೋಮೀಟರಿಗೂ ಉದ್ದದ ಎಣ್ಣೆ ಕೊಳವೆ ನೆಲದಡಿ ಹೋಗಿದೆ. ಆದ್ದರಿಂದ ಈ ವಿಷಯ ಕರಾವಳಿಯವರಿಗೆ ಮಾತ್ರ ಸೇರಿದ್ದಲ್ಲ. ಕೆಳಗಿನ ಮಾತುಗಳನ್ನು ಗಮನಿಸಿ.

1. ನೋಟೀಸು ಬಂದರೆ ಅದು ಯಾವ ಕಾನೂನಿನದೆಂದು ಮೊದಲು ನೋಡಿ. ಕೊಳವೆ ಮಾರ್ಗಕ್ಕೆ 1962ರ ಕಾನೂನು. ಕೈಗಾರಿಕಾ ಪ್ರದೇಶಕ್ಕೆ ರಾಜ್ಯದ 1966ರ ಕಾನೂನು. ಇತರ ಸ್ವಾಧೀನಕ್ಕೆ ಸಾಮಾನ್ಯವಾಗಿ 2013ರ ಕಾನೂನು.

2. ಆಕ್ಷೇಪಣೆಗೆ ವಾಯಿದೆ ಇದೆ. ಕೊಳವೆಗೆ ಪ್ರಕಟಣೆಯಾದ 21 ದಿನದೊಳಗೆ, 1966ರ ಕಾನೂನಿನಲ್ಲಿ ನೋಟೀಸು ತಲುಪಿದ 30 ದಿನದೊಳಗೆ ಬರವಣಿಗೆಯಲ್ಲಿ ಸಲ್ಲಿಸಿ ರಸೀದಿ ಪಡೆಯಿರಿ.

3. ಕೊಳವೆ ಹೋದರೆ ಭೂಮಿಯ ಒಡೆತನ ನಿಮ್ಮದೇ. ಬೆಳೆ ನಷ್ಟಕ್ಕೆ ಪರಿಹಾರವಲ್ಲದೆ ಬಳಕೆ ಹಕ್ಕಿಗಾಗಿ ಮಾರುಕಟ್ಟೆ ಬೆಲೆಯ ಶೇಕಡಾ 10 ಸಿಗಬೇಕು. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ಕೊಳವೆಯ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು ಅಡಿಕೆ ಬೆಳೆಗಾರರು ಇದನ್ನು ಮರೆಯಬಾರದು. ಭತ್ತ, ರಾಗಿ, ದ್ವಿದಳ ಧಾನ್ಯ, ತರಕಾರಿ ಬೆಳೆಯಲು ಅಡ್ಡಿಯಿಲ್ಲ.

4. ಅಳತೆಯವರು ಬರುವ ಮೊದಲೇ ಪಹಣಿಯಲ್ಲಿ ಬೆಳೆ, ಬಾವಿ ಸರಿಯಾಗಿ ನಮೂದಾಗಿದೆಯೇ ನೋಡಿ. ಫಲ ಕೊಡುವ ಮರಗಳನ್ನು ವಯಸ್ಸಿನೊಡನೆ ಎಣಿಸಿ ಬರೆದಿಡಿ. ಅಣ್ಣತಮ್ಮಂದಿರ ಪಾಲುಪಟ್ಟಿ ನೋಂದಣಿಯಾಗಿರಲಿ. ಪರಿಹಾರದ ಹಣ ವರ್ಷಗಟ್ಟಲೆ ನಿಂತುಹೋಗುವುದು ಹೆಚ್ಚಾಗಿ ಮನೆಯೊಳಗಿನ ಜಗಳದಿಂದಲೇ.

5. ಮಹಜರು ಓದದೆ ಸಹಿ ಹಾಕಬೇಡಿ. ಓದು ಬಾರದವರು ವಾಚನಾಲಯಕ್ಕೆ ತಂದು ಓದಿಸಿಕೊಳ್ಳಿ.

6. ಪರಿಹಾರದ ಹಣ ಕೈಗೆ ಬಂದರೆ ಮೊದಲು ಬೇರೆ ಕಡೆ ಜಮೀನಿನ ಯೋಚನೆ ಮಾಡಿ. ಆಮೇಲೆ ಮನೆ, ಮದುವೆ, ವಾಹನ. ಹಣ ಒಂದು ಸಲ ಬರುತ್ತದೆ. ನೆಲ ವರ್ಷವರ್ಷವೂ ಕೊಡುತ್ತದೆ.