‘ಬೀದರ್ ಸೇಫಾ?’ ಅಂತ ಕೇಳಿದರೆ ಅಂಕಿ-ಅಂಶ ಏನು ಹೇಳುತ್ತೆ, ಏನು ಮುಚ್ಚಿಡುತ್ತೆ

ಕಳೆದ ತಿಂಗಳು ಒಂದು ಫೋನ್ ಬಂತು. ಎಂಜಿನಿಯರಿಂಗ್‌ನಲ್ಲಿ ಜೊತೆಗೆ ಓದಿದ ಗೆಳೆಯನದು, ತುಮಕೂರಿನವನು. ಅವನ ತಂಗಿಗೆ ಬ್ಯಾಂಕ್ ಕೆಲಸ ಸಿಕ್ಕಿದೆ, ಮೊದಲ ಪೋಸ್ಟಿಂಗ್ ಭಾಲ್ಕಿ. ಅವನು ಮಾತಾಡುತ್ತಿದ್ದಾಗಲೇ ಅಮ್ಮ ಫೋನ್ ಕಿತ್ತುಕೊಂಡು ನೇರವಾಗಿ ಕೇಳಿದರು: “ನಿಮ್ಮ ಬೀದರ್ ಕಡೆ ಸೇಫಾ ಕಣಪ್ಪ? ಟಿವೀಲಿ ಗುಂಡು ಹಾರಿಸಿದ್ದೆಲ್ಲ ತೋರಿಸಿದ್ರಲ್ಲ?”

“ಏನೂ ಆಗಲ್ಲ ಆಂಟಿ, ಧೈರ್ಯವಾಗಿ ಕಳಿಸಿ” ಅಂದುಬಿಟ್ಟೆ. ಊರಿನ ಅಭಿಮಾನದಲ್ಲಿ ಬಂದ ಮಾತು ಅದು. ಫೋನಿಟ್ಟ ಮೇಲೆ ಅನ್ನಿಸಿತು, ನಾನು ಯಾವ ಆಧಾರದ ಮೇಲೆ ಹೇಳಿದೆ? ಹುಟ್ಟಿ ಬೆಳೆದ ಊರು ನಿಜ. ಆದರೆ ನನ್ನ ಊರು ಎಷ್ಟು ಸುರಕ್ಷಿತ ಅಂತ ನನಗೆ ಹೇಗೆ ಗೊತ್ತು?

ಡೇಟಾ ನೋಡೋಣ ಅಂತ ಕೂತೆ. ಈ ಲೇಖನ ಆ ಹುಡುಕಾಟದ ಫಲ. ಮೊದಲೇ ಹೇಳಿಬಿಡ್ತೀನಿ: ‘ಬೀದರ್ ಇಷ್ಟು ಪರ್ಸೆಂಟ್ ಸೇಫ್’ ಅನ್ನುವ ಸಂಖ್ಯೆ ಕೊನೆಯಲ್ಲಿ ಸಿಗಲ್ಲ. ಅಂಥ ಸಂಖ್ಯೆ ಕೊಡುವವರನ್ನು ಯಾಕೆ ನಂಬಬಾರದು, ನಾವು ಏನನ್ನು ಕೇಳಬೇಕು ಅನ್ನೋದು ಸಿಗುತ್ತೆ.

ನೆನಪಲ್ಲಿ ಉಳಿದ ಎರಡು ಘಟನೆ

ಆಂಟಿ ಟಿವಿಯಲ್ಲಿ ನೋಡಿದ್ದು 2025ರ ಜನವರಿ 16ರ ಘಟನೆ. ಬೀದರ್ ನಗರದ ನಡುಮಧ್ಯೆ, ಜಿಲ್ಲಾಧಿಕಾರಿ ಕಚೇರಿಗೆ ಹತ್ತಿರದಲ್ಲೇ ಇರುವ ಎಸ್‌ಬಿಐ ಮುಖ್ಯ ಶಾಖೆಯ ಎದುರು, ಹಾಡಹಗಲೇ ಬೈಕ್‌ನಲ್ಲಿ ಬಂದ ಇಬ್ಬರು ಎಟಿಎಂಗೆ ಹಣ ತುಂಬುವ ಏಜೆನ್ಸಿಯ ಸಿಬ್ಬಂದಿ ಮೇಲೆ ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ಗಂಭೀರವಾಗಿ ಗಾಯಗೊಂಡರು. 80 ಲಕ್ಷ ರೂಪಾಯಿಗೂ ಹೆಚ್ಚು ಹಣದ ಪೆಟ್ಟಿಗೆ ಹೊತ್ತು ಪರಾರಿಯಾದವರು ಅದೇ ದಿನ ಹೈದರಾಬಾದ್‌ನ ಅಫ್ಜಲ್‌ಗಂಜ್‌ನಲ್ಲೂ ಗುಂಡು ಹಾರಿಸಿದರು. ಮರುದಿನವೇ ಮಂಗಳೂರು ಹತ್ತಿರದ ಕೋಟೆಕಾರಿನಲ್ಲಿ ಸಹಕಾರಿ ಬ್ಯಾಂಕ್ ದರೋಡೆ. ಎರಡೂ ಸೇರಿ ‘ರಾಜ್ಯದಲ್ಲಿ ಕಾನೂನು ಸುವ್ಯವಸ್ಥೆ ಕುಸಿದಿದೆ’ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು.

ಇನ್ನೊಂದು 2018ರ ಜುಲೈ 13. ಕಮಲನಗರ ಸಮೀಪದ, ಆಗ ಔರಾದ್ ತಾಲೂಕಿನಲ್ಲಿದ್ದ ಮುರ್ಕಿ ಗ್ರಾಮ. ಹೈದರಾಬಾದ್‌ನಿಂದ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರಲ್ಲೊಬ್ಬ ಖತಾರ್ ಪ್ರಜೆ. ‘ಮಕ್ಕಳ ಕಳ್ಳರು ಬಂದಾರ’ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ, ಫೋಟೋ ಹರಿದಾಡಿತು. ಮುಂದಿನ ಊರಿನಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಉರುಳಿತು, ನೂರಾರು ಜನ ಮುತ್ತಿದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಪ್ರಾಣ ಬಿಟ್ಟ. ನಾನೂ ಆಗ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿದ್ದವನು. ಆಫೀಸಿನಲ್ಲಿ ‘ನಿಮ್ಮೂರಲ್ವಾ?’ ಅಂತ ಕೇಳಿದಾಗ ಉತ್ತರ ಹೊಳೆದಿರಲಿಲ್ಲ.

ಎರಡೂ ಭೀಕರ. ಎರಡರಿಂದಲೂ ‘ಬೀದರ್ ಅಪಾಯಕಾರಿ’ ಅಂತ ಲೆಕ್ಕ ಹಾಕಲು ಬರಲ್ಲ. ಯಾಕೆ ಬರಲ್ಲ ಅನ್ನೋದಕ್ಕೆ ಸ್ವಲ್ಪ ಗಣಿತ ಬೇಕು.

ಕ್ರೈಮ್ ರೇಟ್ ಅಂದ್ರೆ ಏನು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ದಾಖಲಾಗಿದೆ ಅಂತ ಲೆಕ್ಕ ಹಾಕುತ್ತೆ. ಅದೇ ಕ್ರೈಮ್ ರೇಟ್. ಸರಳ ಭಾಗಾಕಾರ. ಆದರೆ ಮೇಲಿನ ಸಂಖ್ಯೆಯಲ್ಲೂ ತೊಡಕಿದೆ, ಕೆಳಗಿನದರಲ್ಲೂ ಇದೆ.

ಮೊದಲು ಕೆಳಗಿನದು. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ. ಬೀದರ್ ನಗರದ್ದು ಎರಡು ಲಕ್ಷದ ಚಿಲ್ಲರೆ, ಭಾಲ್ಕಿ ಪಟ್ಟಣದ್ದು ಸುಮಾರು 40 ಸಾವಿರ. ಔರಾದ್ ಅದಕ್ಕಿಂತ ಚಿಕ್ಕದು. ಇಂದಿನ ಲೆಕ್ಕವೆಲ್ಲ ಆ ಹಳೆಯ ಗಣತಿಯ ಮೇಲೆ ಕಟ್ಟಿದ ಅಂದಾಜು.

40 ಸಾವಿರ ಜನರಿರುವ ಊರಲ್ಲಿ ವರ್ಷಕ್ಕೆ ಒಂದು ಕೊಲೆ ಆಯಿತು ಅಂದುಕೊಳ್ಳಿ. ಲಕ್ಷಕ್ಕೆ 2.5. ಮುಂದಿನ ವರ್ಷ ದುರದೃಷ್ಟಕ್ಕೆ ಮೂರಾದರೆ 7.5. ‘ಭಾಲ್ಕಿಯಲ್ಲಿ ಕೊಲೆ ಮೂರು ಪಟ್ಟು!’ ಅಂತ ಹೆಡ್‌ಲೈನ್ ರೆಡಿ. ಅದರ ಮುಂದಿನ ವರ್ಷ ಸೊನ್ನೆಯಾದರೆ ‘ಶೇ 100 ಇಳಿಕೆ’. ಊರು ಬದಲಾಗಿರಲ್ಲ, ಸಂಖ್ಯೆ ಮಾತ್ರ ಕುಣಿದಿರುತ್ತೆ. ಎಂಜಿನಿಯರಿಂಗ್‌ನಲ್ಲಿ ಇದನ್ನು ನಾಯ್ಸ್ ಅಂತೀವಿ. ಸಣ್ಣ ಊರಿನ ಒಂದು ವರ್ಷದ ರೇಟ್ ಹಿಡಿದು ಯಾರಾದರೂ ವಾದ ಮಾಡಿದರೆ, ಕನಿಷ್ಠ ಐದು ವರ್ಷದ್ದು ತೋರಿಸಿ ಅನ್ನಿ.

ಇನ್ನು ಎನ್‌ಸಿಆರ್‌ಬಿ ನಗರವಾರು ಪಟ್ಟಿ ಕೊಡೋದು 20 ಲಕ್ಷಕ್ಕಿಂತ ಹೆಚ್ಚು ಜನರಿರುವ 19 ಮಹಾನಗರಗಳಿಗೆ ಮಾತ್ರ. ಕರ್ನಾಟಕದಿಂದ ಬೆಂಗಳೂರು ಒಂದೇ. ವೆಬ್‌ಸೈಟ್‌ಗಳಲ್ಲಿ ಕಾಣುವ ‘ಸೇಫ್ಟಿ ಇಂಡೆಕ್ಸ್’ಗಳ ಕಥೆ ಇನ್ನೊಂದು. ಅವುಗಳಲ್ಲಿ ಹೆಚ್ಚಿನವು ಆ ಸೈಟಿಗೆ ಬಂದವರ ಅನಿಸಿಕೆಯ ಸರಾಸರಿ. ಔರಾದ್‌ನಿಂದ ಎಷ್ಟು ಜನ ಅಲ್ಲಿಗೆ ಹೋಗಿ ಇಂಗ್ಲಿಷ್ ಫಾರ್ಮ್ ತುಂಬಿರ್ತಾರೆ ಹೇಳಿ?

ದಾಖಲಾದದ್ದು ಬೇರೆ, ನಡೆದದ್ದು ಬೇರೆ

ಮೇಲಿನ ಸಂಖ್ಯೆಯ ತೊಡಕು ಇನ್ನೂ ದೊಡ್ಡದು. ಎನ್‌ಸಿಆರ್‌ಬಿ ಎಣಿಸುವುದು ಅಪರಾಧಗಳನ್ನಲ್ಲ, ಎಫ್‌ಐಆರ್‌ಗಳನ್ನು. ಅಪರಾಧ ಹೆಚ್ಚಾಗುವುದು ಬೇರೆ, ನೋಂದಣಿ ಹೆಚ್ಚಾಗುವುದು ಬೇರೆ ಅಂತ ಆ ಸಂಸ್ಥೆಯೇ ತನ್ನ ವರದಿಯಲ್ಲಿ ಎಚ್ಚರಿಸುತ್ತೆ. ಒಂದು ಎಫ್‌ಐಆರ್‌ನಲ್ಲಿ ಹತ್ತು ಸೆಕ್ಷನ್ ಇದ್ದರೂ ಅತಿ ಗಂಭೀರವಾದ ಒಂದೇ ಅಪರಾಧ ಲೆಕ್ಕಕ್ಕೆ ಬರುತ್ತೆ.

ನನ್ನದೇ ಉದಾಹರಣೆ. ಕೆಲವು ವರ್ಷದ ಹಿಂದೆ ನಮ್ಮ ಭಾಗದ ಒಂದು ಬಸ್ ನಿಲ್ದಾಣದಲ್ಲಿ ಜೇಬಿನಿಂದ ಮೊಬೈಲ್ ಹೋಯ್ತು. ಠಾಣೆಗೆ ಹೋದೆ. ಬರೆಯುವವರು ನಗುತ್ತಲೇ ಹೇಳಿದರು: “ಕಳ್ಳತನ ಅಂತ ಬ್ಯಾಡ್ರಿ ಸರ, ಕಳಕೊಂಡೀನಿ ಅಂತ ಬರೀರಿ. ಸಿಮ್ ಬ್ಲಾಕ್ ಮಾಡಸಲಾಕ ಅಷ್ಟೇ ಸಾಕು.” ನನಗೂ ಅವಸರ, ಬಸ್ಸಿತ್ತು. ಹಾಗೇ ಬರೆದುಕೊಟ್ಟೆ. ಆ ವರ್ಷದ ಅಪರಾಧ ಪಟ್ಟಿಯಲ್ಲಿ ನನ್ನ ಫೋನಿನ ಕಳ್ಳತನ ಇಲ್ಲ. ನಾನೇ ಸಹಿ ಹಾಕಿ ಅಳಿಸಿದೆ.

ಉಲ್ಟಾ ಕೂಡ ಆಗುತ್ತೆ. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಸಿಎಎ ಕುರಿತು ಆಡಿದ ನಾಟಕಕ್ಕೆ ರಾಜದ್ರೋಹದ ಕೇಸ್ ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. 2023ರ ಜೂನ್‌ನಲ್ಲಿ ಹೈಕೋರ್ಟ್‌ನ ಕಲಬುರಗಿ ಪೀಠ ಪ್ರಕರಣವನ್ನೇ ರದ್ದು ಮಾಡಿತು. ಎಫ್‌ಐಆರ್ ಮಾತ್ರ ಅದು ದಾಖಲಾದ ವರ್ಷದ ಎಣಿಕೆಗೆ ಸೇರಿಬಿಡುತ್ತೆ. ಕದ್ದ ಫೋನ್ ಪಟ್ಟಿಯಲ್ಲಿ ಇಲ್ಲ, ಶಾಲಾ ನಾಟಕ ಇದೆ!

ಗಾಂಜಾ ಕೇಸುಗಳನ್ನೂ ನೋಡಿ. ಬೀದರ್ ಜಿಲ್ಲೆಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಔರಾದ್ ತಾಲೂಕಿನ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಲಾರಿ ತಡೆದು ಮಾದಕವಸ್ತು ಹಿಡಿದ ಸುದ್ದಿ ಆಗಾಗ ಬರುತ್ತೆ. ಇಲ್ಲಿ ಕೇಸ್ ಹೆಚ್ಚಾದರೆ ಸಾಗಣೆ ಹೆಚ್ಚಾಗಿದೆ ಅಂತಲೂ ಇರಬಹುದು, ಪೊಲೀಸರು ಕೆಲಸ ಮಾಡಿದ್ದಾರೆ ಅಂತಲೂ ಇರಬಹುದು. ಸಂಖ್ಯೆಯೊಂದೇ ನೋಡಿದರೆ ಯಾವುದು ಅಂತ ತಿಳಿಯಲ್ಲ.

ರಾಜ್ಯಗಳ ಮಟ್ಟದಲ್ಲೂ ಇದೇ ಕಥೆ. ಒಟ್ಟು ಕ್ರೈಮ್ ರೇಟ್‌ನಲ್ಲಿ ಕೇರಳ ಬಿಹಾರಕ್ಕಿಂತ ಬಹಳ ಮೇಲಿರುತ್ತೆ. ಕೊಲೆಗೆ ಬನ್ನಿ, 2022ರಲ್ಲಿ ಕೇರಳದ್ದು ಲಕ್ಷಕ್ಕೆ 0.9, ಬಿಹಾರದ್ದು 2.3. ಹೆಣ ಬಚ್ಚಿಡೋದು ಕಷ್ಟ, ಕಳ್ಳತನದ ದೂರು ಬಚ್ಚಿಡೋದು ಸುಲಭ. ಆದ್ದರಿಂದ ಊರುಗಳನ್ನು ಹೋಲಿಸಲೇಬೇಕಾದರೆ ಒಟ್ಟು ಅಪರಾಧಕ್ಕಿಂತ ಕೊಲೆಯ ಅಂಕಿ ಹೆಚ್ಚು ನಂಬಿಕೆಗೆ ಅರ್ಹ.

ಅಪಾಯ ಎಲ್ಲಿದೆ?

ಬೈಕ್‌ನಲ್ಲಿ ಬಂದ ಅಪರಿಚಿತರು ನಮಗೆ ನೆನಪಿರ್ತಾರೆ. ಆದರೆ 2022ರಲ್ಲಿ ದೇಶದಲ್ಲಿ ದಾಖಲಾದ 28,522 ಕೊಲೆ ಪ್ರಕರಣಗಳಲ್ಲಿ ಹಣ-ಆಸ್ತಿಯ ಲಾಭಕ್ಕಾಗಿ ನಡೆದವು 1,884. ಜಗಳ-ತಂಟೆಯಿಂದ ಆದವು 9,962. ಜಗಳ ಆಗೋದು ಸಾಮಾನ್ಯವಾಗಿ ಗೊತ್ತಿರುವವರ ನಡುವೆ. ಅದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಕೊಲೆಗಿಂತ ಹೆಚ್ಚೂಕಡಿಮೆ ಆರು ಪಟ್ಟು. ಭಾಲ್ಕಿಗೆ ಬರುವ ಹುಡುಗಿಗೆ ದರೋಡೆಕೋರನಿಗಿಂತ ಲೈಟಿಲ್ಲದ ಹೆದ್ದಾರಿಯಲ್ಲಿ ಎದುರು ಬರುವ ಕಬ್ಬಿನ ಟ್ರ್ಯಾಕ್ಟರ್ ದೊಡ್ಡ ಅಪಾಯ.

ಎಲ್ಲಕ್ಕಿಂತ ಅಡಗಿದ ಅಪಾಯ ಮನೆಯೊಳಗಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಾಗಿ 2019ರಲ್ಲಿ ಕರ್ನಾಟಕದ ಮನೆಗಳಿಗೆ ಹೋಗಿ ಕೇಳಿದಾಗ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇ 29.3. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹಿಂಸೆಗೆ ಒಳಗಾದವರಲ್ಲಿ ಯಾರದಾದರೂ ಸಹಾಯ ಕೇಳಿದವರು ಶೇ 14 ಮಾತ್ರ. ತವರಿನವರನ್ನು, ನೆರೆಯವರನ್ನು ಕೇಳಿದ್ದೂ ಇದರಲ್ಲೇ ಸೇರಿದೆ.

ನಮ್ಮ ಓಣಿಯ ಅಕ್ಕನೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ನಮ್ಮ ಊರಾಗ ಏನ್ ಕೇಸ್ ಇರಲ್ಲ ತಮ್ಮಾ, ಎಲ್ಲಾ ಮನಿಯಾಗೇ ಮುಗಿಸ್ತಾರ.” ಅವರು ಅದನ್ನು ಹೊಗಳಿಕೆಯಾಗಿ ಹೇಳಿದ್ದು. ನನಗೆ ಹಾಗೆ ಕೇಳಿಸಲಿಲ್ಲ.

ಅಂಕಿ ಇಲ್ಲದ ಕಡೆ ವಾಟ್ಸಾಪ್ ಇರುತ್ತೆ

ಮತ್ತೆ ಮುರ್ಕಿಗೆ ಬರ್ತೀನಿ, ಯಾಕಂದ್ರೆ ಈ ಲೇಖನದ ಮುಖ್ಯ ಮಾತು ಅಲ್ಲೇ ಇದೆ. ಆ ದಿನ ಜನ ಸೇರಿದ್ದು ಅಪರಾಧ ಮಾಡ್ತೀವಿ ಅಂದುಕೊಂಡಲ್ಲ, ಅಪರಾಧ ತಡೀತೀವಿ ಅಂದುಕೊಂಡು. ಅವರ ಕೈಯಲ್ಲಿ ‘ಮಕ್ಕಳ ಕಳ್ಳರು ಎಲ್ಲೆಡೆ ಇದ್ದಾರೆ’ ಎಂಬ ಮೆಸೇಜ್ ಇತ್ತು. ‘ನಮ್ಮ ಠಾಣೆಯಲ್ಲಿ ಈ ವರ್ಷ ಇಷ್ಟು ಅಪಹರಣ ದಾಖಲಾಗಿದೆ, ಇಷ್ಟು ಮಕ್ಕಳು ಮನೆಗೆ ಬಂದಿದ್ದಾರೆ’ ಎಂಬ ಮಾಹಿತಿ ಇರಲಿಲ್ಲ. ಅಂಕಿ ಇದ್ದಿದ್ದರೆ ಆ ಗುಂಪು ನಿಲ್ಲುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಭಯಕ್ಕೆ ಎದುರು ಇಡಲು ಊರಿನ ಹತ್ತಿರ ಏನೂ ಇರಲಿಲ್ಲ.

30ಕ್ಕೂ ಹೆಚ್ಚು ಜನರ ಬಂಧನವಾಯಿತು. ನಾಲ್ಕೇ ದಿನದ ನಂತರ, ಜುಲೈ 17ರಂದು, ಸುಪ್ರೀಂ ಕೋರ್ಟ್ ತೆಹ್ಸೀನ್ ಪೂನಾವಾಲಾ ಪ್ರಕರಣದಲ್ಲಿ ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೆ ನೋಡಲ್ ಅಧಿಕಾರಿ ಇರಬೇಕು ಎಂದಿತು. ಅದೇ ವಾರ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಐದು ಚಾಟ್‌ಗೆ ಮಿತಿಗೊಳಿಸುವುದಾಗಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪು ಹತ್ಯೆಗೆ 103(2) ಎಂಬ ಉಪಕಲಮು ಬಂದಿದೆ. ಎನ್‌ಸಿಆರ್‌ಬಿ ಮಾತ್ರ ಆ ಕಾಲದ ಗುಂಪು ಹತ್ಯೆಗಳ ಪ್ರತ್ಯೇಕ ಅಂಕಿ ಪ್ರಕಟಿಸಲಿಲ್ಲ. ಆ ಯುವಕನ ಸಾವು ವರದಿಯಲ್ಲಿ ಬರೀ ‘ಒಂದು ಕೊಲೆ’.

ಈಗ ಹೋಲಿಕೆಗೆ ಬ್ರಿಟನ್ನಿನ ವೇಲ್ಸ್‌ನ ಒಂದು ಊರು ತಗೊಳ್ಳಿ. ರಿಲ್ ಅಂತ ಹೆಸರು, ಕಡಲ ದಂಡೆಯಲ್ಲಿದೆ, ಜನಸಂಖ್ಯೆಯಲ್ಲಿ ಭಾಲ್ಕಿಗಿಂತ ಚಿಕ್ಕದು. ಆ ಊರಿನ ಯಾವ ಬೀದಿಯ ಆಸುಪಾಸಿನಲ್ಲಿ ಯಾವ ತಿಂಗಳು ಎಷ್ಟು ಕಳ್ಳತನ, ಎಷ್ಟು ಹಲ್ಲೆ ದಾಖಲಾಯಿತು ಅಂತ ಪೊಲೀಸ್ ವೆಬ್‌ಸೈಟ್‌ನ ನಕ್ಷೆಯಲ್ಲಿ ನಾನು ಬೀದರ್‌ನಲ್ಲಿ ಕೂತು ನೋಡಬಹುದು. 2011ರಿಂದ ಈ ವ್ಯವಸ್ಥೆ ಇದೆ. ಅಲ್ಲಿನ ಪೊಲೀಸರೂ ಸಾಚಾ ಏನಲ್ಲ. ದೂರು ಬಂದ ಅಪರಾಧಗಳಲ್ಲಿ ಶೇ 19ರಷ್ಟನ್ನು ಅವರು ದಾಖಲಿಸುತ್ತಲೇ ಇರಲಿಲ್ಲ ಅಂತ 2014ರಲ್ಲಿ ಅಲ್ಲಿನ ತಪಾಸಣಾ ಸಂಸ್ಥೆಯೇ ಬಯಲು ಮಾಡಿತು. ಅದಕ್ಕೇ ಅಲ್ಲಿ 1980ರ ದಶಕದಿಂದ ಇನ್ನೊಂದು ಕಣ್ಣಿದೆ: ಮನೆಗಳಿಗೆ ಹೋಗಿ ‘ಈ ವರ್ಷ ನಿಮಗೆ ಏನಾಯಿತು? ಪೊಲೀಸರಿಗೆ ಹೇಳಿದಿರಾ?’ ಅಂತ ಕೇಳುವ ಸಮೀಕ್ಷೆ. ನಮ್ಮಲ್ಲಿ ನಿಯಮಿತವಾಗಿ ಅಂಥದ್ದು ಇಲ್ಲ. ಎನ್‌ಸಿಆರ್‌ಬಿಯ 2023ರ ವರದಿ ಹೊರಬಂದದ್ದೇ 2025ರ ಸೆಪ್ಟೆಂಬರ್ ಕೊನೆಗೆ.

ನಾವು ಕೇಳಬೇಕಾದದ್ದು

ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಆನ್‌ಲೈನ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅಂದರೆ ಕಚ್ಚಾ ಸಾಮಗ್ರಿ ಇದೆ. ಅದನ್ನು ಕೂಡಿಸಿ ಊರಿಗೆ ಅರ್ಥವಾಗುವ ಹಾಗೆ ಹೇಳುವವರು ಬೇಕು. ಬೀದರ್‌ನ ಗಾಂಧಿ ಗಂಜ್, ಭಾಲ್ಕಿ ಟೌನ್, ಔರಾದ್, ಸಂತಪುರ ಹೀಗೆ ಪ್ರತಿ ಠಾಣೆಯ ಗೋಡೆಯ ಮೇಲೆ ತಿಂಗಳಿಗೊಂದು ಹಾಳೆ ಸಾಕು: ಎಷ್ಟು ದೂರು ಬಂತು, ಎಷ್ಟು ಎಫ್‌ಐಆರ್ ಆಯಿತು, ಎಷ್ಟು ಪತ್ತೆಯಾಯಿತು. ಕನ್ನಡದಲ್ಲಿ, ಬೇಕಿದ್ದರೆ ಉರ್ದು, ಮರಾಠಿಯಲ್ಲೂ. ಮೊದಲ ಎರಡು ಸಂಖ್ಯೆಗಳ ನಡುವಿನ ಅಂತರವೇ ಊರಿನ ನಿಜವಾದ ಕಥೆ. ಕೊಡದಿದ್ದರೆ ಆರ್‌ಟಿಐ ಇದೆ, ಹತ್ತು ರೂಪಾಯಿ ಖರ್ಚು. ನಾನು ಹಾಕ್ತಿದ್ದೀನಿ. ನಿಮ್ಮ ತಾಲೂಕಿನಲ್ಲಿ ನೀವು ಹಾಕಿ.

ಇನ್ನೊಂದು, ‘ಕಳಕೊಂಡೀನಿ’ ಅಂತ ಬರೆಯಬೇಡಿ. ಕದ್ದಿದ್ದರೆ ಕಳ್ಳತನ ಅಂತಲೇ ಬರೆಯಿರಿ. ಗುರುತರ ಅಪರಾಧದ ದೂರಿಗೆ ಎಫ್‌ಐಆರ್ ಕಡ್ಡಾಯ ಅಂತ 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತೆ. ಠಾಣೆಯಲ್ಲಿ ತಗೊಳ್ಳದಿದ್ದರೆ ಎಸ್‌ಪಿಗೆ ಲಿಖಿತ ದೂರು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅದಕ್ಕೇ ಇರೋದು.

ಕೊನೆಗೆ ಗೆಳೆಯನ ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ‘ಏನೂ ಆಗಲ್ಲ’ ಅಂತ ಈ ಸಲ ಹೇಳಲಿಲ್ಲ. ಬ್ಯಾಂಕಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹುಡುಕೋಣ, ಕತ್ತಲಾದ ಮೇಲೆ ಸ್ಕೂಟಿಯಲ್ಲಿ ಬೀದರ್-ಭಾಲ್ಕಿ ಓಡಾಡೋದು ಬೇಡ, 112 ಫೋನಿನಲ್ಲಿರಲಿ, ನಮ್ಮ ಅಕ್ಕನ ನಂಬರ್ ಕೊಡ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಷ್ಟೇನಾ? ಇದನ್ನೆಲ್ಲ ತುಮಕೂರಲ್ಲೂ ಹೇಳ್ತೀವಲ್ಲಪ್ಪ.”

ಹೌದು ಆಂಟಿ, ಅಂದೆ. ಹುಡುಗಿ ಮುಂದಿನ ಸೋಮವಾರ ಬರ್ತಾಳೆ.