ಬಾಲ ಬೀಸುವ ಕಾರಿಗೆ ಪೈಪಿನ ಬಳೆ

ಮಳವಳ್ಳಿಯ ಪೈಪಂಗಡಿಯಲ್ಲಿ ಎರಡಿಂಚಿನ ಪಿವಿಸಿ ಪೈಪು ಅರ್ಧ ಅಡಿ ಸಾಕು ಎಂದಾಗ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಬ್ಬಿನ ಸೀಮೆಯಲ್ಲಿ ಪೈಪನ್ನು ಯಾರೂ ಅರ್ಧ ಅಡಿ ಕೇಳುವುದಿಲ್ಲ. ಮದ್ದೂರಿನ ಹತ್ತಿರದ ಮಾವನ ಮನೆಗೆ ಬಂದು, ಅದನ್ನು ಇಂಚಿಂಚು ಅಗಲದ ಬಳೆಗಳಾಗಿ ಕೊಯ್ದು, ರಿಮೋಟ್ ಕಾರಿನ ಗಾಲಿಗಳಿಗೆ ತೊಡಿಸತೊಡಗಿದೆ. ಸಡಿಲವಾದ ಕಡೆ ಒಳಗೆ ಟೇಪು ಸುತ್ತಿದೆ.

‘ಏನ್ಲಾ, ಇರೋ ರಬ್ಬರ್ ಟೈರ್ ಬಿಚ್ಚಾಕಿ ಪೈಪ್ ಹಾಕ್ತಿದ್ದೀಯ? ಜಾರ್ತದೆ ಕಣ್ಲಾ!’ ಎಂದರು ಮಾವ.

ಜಾರಲೆಂದೇ ಹಾಕುತ್ತಿದ್ದೆ. ಹಿಂಭಾಗ ಹೊರಕ್ಕೆ ಜಾರುತ್ತ, ಮುಂಚಕ್ರಗಳು ತಿರುವಿನ ಎದುರು ದಿಕ್ಕಿಗೆ ಮುಖಮಾಡಿ, ಕಾರು ಅಡ್ಡಡ್ಡವಾಗಿ ತಿರುವು ದಾಟುವುದಕ್ಕೆ ಡ್ರಿಫ್ಟಿಂಗ್ ಎನ್ನುತ್ತಾರೆ. ಜಪಾನಿನ ಬೆಟ್ಟದ ರಸ್ತೆಗಳಲ್ಲಿ ಪಳಗಿದ ವಿದ್ಯೆ ಇದು. ಕೇಯಿಚಿ ತ್ಸುಚಿಯಾ ಎಂಬ ರೇಸುಗಾರ ಇದಕ್ಕೆ ಹೆಸರು ತಂದವರು. ದೊಡ್ಡ ಕಾರಿನ ಎಂಜಿನ್ನು ತನ್ನ ಬಲದಿಂದಲೇ ರಬ್ಬರಿನ ಹಿಡಿತ ಬಿಡಿಸುತ್ತದೆ. ಒಂದೂವರೆ ಕಿಲೋ ಆಸುಪಾಸಿನ, ಹತ್ತನೇ ಒಂದಂಶ ಅಳತೆಯ ಈ ಕಾರಿಗೆ ಗಟ್ಟಿ ಪ್ಲಾಸ್ಟಿಕ್ಕೇ ಬೇಕು. ಹೊಸಬರು ಮುಂದೆ ರಬ್ಬರು, ಹಿಂದೆ ಪೈಪು ಹಾಕಿ ನೋಡುತ್ತಾರೆ. ಮುಂದುಗಡೆ ಕಚ್ಚಿಕೊಂಡು, ಬಾಲ ಗಿರ್ರನೆ ತಿರುಗಿ, ಕಾರು ಬಂದ ದಾರಿಯನ್ನೇ ನೋಡುತ್ತ ನಿಲ್ಲುತ್ತದೆ. ನಾಲ್ಕಕ್ಕೂ ಒಂದೇ ಬಗೆಯ ಬಳೆ ಇರಲಿ.

ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ. ಚಕ್ರಗಳು ತಂತಮ್ಮ ಪಾಡಿಗೆ ತಿರುಗುತ್ತವೆ. ಹಾಗಾಗಿ ತಿರುವಿನಲ್ಲಿ ಒಳಗಿನದು ನಿಧಾನ, ಹೊರಗಿನದು ಬೇಗ. ಮೋಟಾರು ವಾಹನದಲ್ಲಿ ಈ ಕೆಲಸಕ್ಕೆ ಡಿಫರೆನ್ಷಿಯಲ್ ಇದೆ. ಡ್ರಿಫ್ಟ್ ಕಾರಿನಲ್ಲಿ ಅದನ್ನು ಬೇಕೆಂದೇ ಕಟ್ಟಿಹಾಕಿ, ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುವಂತೆ ಮಾಡುತ್ತಾರೆ. ತಿರುವಿನಲ್ಲಿ ಎರಡರ ದಾರಿಯ ಉದ್ದ ಬೇರೆ ಬೇರೆಯಾದ್ದರಿಂದ ಒಂದಾದರೂ ಜಾರಲೇಬೇಕು. ಹಿಡಿತ ಬಿಡುವ ಮೊದಲ ಚಕ್ರ ಅದು.

ಬಾಲ ಎಡಕ್ಕೆ ಹೋದರೆ ಸ್ಟಿಯರಿಂಗೂ ಎಡಕ್ಕೆ. ಕೆಸರಿನಲ್ಲಿ ಜೀಪು ಓಡಿಸಿದ ಯಾರಿಗಾದರೂ ಇದು ಗೊತ್ತು. ಆದರೆ ಪುಟ್ಟ ಕಾರು ಅಷ್ಟು ವ್ಯವಧಾನ ಕೊಡುವುದಿಲ್ಲ. ಅಂಗೈ ಮೇಲೆ ಕಬ್ಬಿನ ಜಲ್ಲೆ ನಿಲ್ಲಿಸಿ ನೋಡಿ, ತುಸು ಹೊತ್ತು ನಿಲ್ಲುತ್ತದೆ, ಪೆನ್ಸಿಲ್ಲು ನಿಲ್ಲುವುದಿಲ್ಲ. ಉದ್ದ ಕಡಿಮೆಯಾದಷ್ಟೂ ಬೀಳುವ ಸಮಯ ಅದರ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುತ್ತದೆ. ಜಾರುವುದಕ್ಕೂ ಇದೇ ಲೆಕ್ಕ. ಹತ್ತರ ವರ್ಗಮೂಲ 3.16. ಎಂದರೆ, ದೊಡ್ಡ ಕಾರಿನಲ್ಲಿ ಒಂದು ಸೆಕೆಂಡ್ ಹಿಡಿಯುವ ಜಾರಾಟ ಇಲ್ಲಿ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಮುಗಿದಿರುತ್ತದೆ. ಕಣ್ಣು ಕಂಡು, ಬೆರಳು ಒತ್ತುವಷ್ಟರಲ್ಲಿ ಆಟ ಕೈತಪ್ಪಿರುತ್ತದೆ.

ಅದಕ್ಕೇ ಹಿಂಚಕ್ರ ಚಾಲನೆಯ ಕಾರಿಗೆ ಜೈರೊ. ಮೊಬೈಲಿನಲ್ಲಿರುವಂಥದೇ ಚಿಪ್ ಅದು; ಒಳಗೆ ಸದಾ ಕಂಪಿಸುವ ಕಣ್ಣಿಗೆ ಕಾಣದಷ್ಟು ಚಿಕ್ಕ ತುಣುಕೊಂದು ಕಾರು ತಿರುಗಿದೊಡನೆ ಓರೆಯಾಗಿ ಸರಿಯುತ್ತದೆ. ಆ ಸುಳಿವು ಹಿಡಿದು ಜೈರೊ ತಾನೇ ಮುಂಚಕ್ರಗಳನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ನೆಲಕ್ಕಿಳಿಸುವ ಮುಂಚೆ ಪರೀಕ್ಷೆ ಮಾಡಿ: ಕಾರನ್ನು ಎತ್ತಿಕೊಂಡು, ಮೂತಿಯನ್ನು ಫಕ್ಕನೆ ಬಲಕ್ಕೆ ತಿರುಗಿಸಿ. ಚಕ್ರಗಳು ಎಡಕ್ಕೆ ಹೊರಳಿ, ಮೊದಲು ನೋಡುತ್ತಿದ್ದ ಕಡೆಯನ್ನೇ ನೋಡಬೇಕು. ಅವೂ ಬಲಕ್ಕೆ ಹೋದರೆ ಜೈರೊ ಉಲ್ಟಾ. ನಾನು ಇದನ್ನು ನೋಡದೆ ಇಡೀ ಒಂದು ಬ್ಯಾಟರಿ ಬೊಗರಿ ಆಡಿಸಿದೆ. ಆಮೇಲೆ ಜೈರೊದ ಜೋರನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ನೇರ ಓಡುವಾಗ ಮುಂಚಕ್ರಗಳು ಚಳಿ ಬಂದಂತೆ ನಡುಗಿದರೆ ಅತಿಯಾಯಿತು, ಒಂದು ಗೀಟು ಇಳಿಸಿ.

ಮೋಟಾರಿನಿಂದ ಮೂರು ತಂತಿ ಬರುವುದನ್ನು ಕಂಡು ಮಾವ ಹತ್ತಿರ ಬಂದರು. ಬ್ಯಾಟರಿಯದು ಬರಿಯ 7.4 ವೋಲ್ಟಿನ ಡಿಸಿ. ಸ್ಪೀಡ್ ಕಂಟ್ರೋಲರ್ ಎಂಬ ಡಬ್ಬಿ ಅದನ್ನು ಮೂರು ತಂತಿಗೆ ಸರದಿಯಂತೆ ಹಂಚುತ್ತದೆ. ಸೆನ್ಸರ್ ಇಲ್ಲದ ಮೋಟಾರಾದರೆ, ಪಂಪ್‌ಸೆಟ್ಟಿನಂತೆ, ಎರಡು ತಂತಿ ಅದಲುಬದಲು ಮಾಡಿದರೆ ಹಿಂದುಮುಂದಾಗಿ ತಿರುಗುತ್ತದೆ.

‘ಹಂಗಾರೆ ಇದ್ರಲ್ಲಿ ಯಾವಾಗ್ಲೂ ತ್ರೀ ಫೇಸ್ ಇರ್ತದಾ?’

ಮಧ್ಯರಾತ್ರಿ ಎದ್ದು ಗದ್ದೆಗೆ ಹೋಗಿ ಮೋಟಾರು ಹಾಕುವವರ ಹೊಟ್ಟೆಕಿಚ್ಚು ಅದು. ನಾನು ಉತ್ತರ ಕೊಡಲಿಲ್ಲ.

ಕಣದಲ್ಲಿ, ಒರಟು ರಸ್ತೆಯಲ್ಲಿ ಈ ಕಾರು ಆಡುವುದಿಲ್ಲ. ಹಳೇ ಮನೆಯ ನುಣುಪು ರೆಡ್ ಆಕ್ಸೈಡ್ ನೆಲ ಸೊಗಸು; ಗುಡಿಸಿರಬೇಕು ಅಷ್ಟೆ, ಎಲ್ಲೋ ಧೂಳು ಎಲ್ಲೋ ನುಣುಪು ಇದ್ದರೆ ಹದ ಸಿಗದು. ನಡುವೆ ಚೊಂಬು ಇಟ್ಟು, ಎಕ್ಸಲರೇಟರನ್ನು ಪೂರ್ತಿ ಒತ್ತದೆ, ಪೂರ್ತಿ ಬಿಡದೆ, ಒಂದೇ ದಿಕ್ಕಿಗೆ ಸುತ್ತಿಸಿ. ಬಿಟ್ಟರೆ ಹಿಂಚಕ್ರ ಮತ್ತೆ ನೆಲ ಕಚ್ಚಿಕೊಂಡು ಕಾರು ನೆಟ್ಟಗಾಗುತ್ತದೆ, ಒತ್ತಿದರೆ ಗಿರಕಿ. ಆ ಎರಡರ ನಡುವಿನ ಕೂದಲೆಳೆಯಷ್ಟು ಜಾಗ ಬೆರಳಿಗೆ ಸಿಗಲು ನನಗೆ ನಾಲ್ಕು ದಿನ ಬೇಕಾಯಿತು. ಮಾವ ರಿಮೋಟು ಇಸಿದುಕೊಂಡವರು ಎರಡನೇ ಸುತ್ತಿಗೇ ಚೊಂಬು ಉರುಳಿಸಿದರು. ಒಳಗಿಂದ ಅತ್ತೆಯ ದನಿ ಬಂತು.