ಖಾಲಿ ಕಾಲಂ ಓದುವವರು

'ಪರ್ಮಿಷನ್ ಡಿನೈಡ್ ಫಾರ್ ಫಂಕ್ಷನ್'. ರಾತ್ರಿ ಅಪ್‌ಡೇಟ್ ಹಾಕಿ ಮಲಗಿದವರನ್ನು ಬೆಳಿಗ್ಗೆ ಎಬ್ಬಿಸುವ ಸಾಲು ಇದು. ನಿನ್ನೆವರೆಗೆ ಬರುತ್ತಿದ್ದ ಬಿಲ್ ಇವತ್ತು ಬರುತ್ತಿಲ್ಲ. 'ಸದ್ಯಕ್ಕೆ ಸೂಪರ್‌ಯೂಸರ್ ಮಾಡಿಬಿಡಿ, ಆಮೇಲೆ ನೋಡೋಣ' ಎನ್ನುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. ಆ 'ಆಮೇಲೆ' ಬಂದದ್ದನ್ನು ನಾನಂತೂ ಕಂಡಿಲ್ಲ.

ನನ್ನ ಜೊತೆಗಿದ್ದ ಡಿಬಿಎ ಮೇಡಂ ಇದಕ್ಕೆ ಒಪ್ಪಿದವರಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ದೂರು ಬಂದರೆ ಮೊದಲು ಎರರ್ ಸಾಲನ್ನು ಪೂರ್ತಿ ಓದಿಸುತ್ತಿದ್ದರು. ಸ್ಕೀಮಾ ಎಂದಿದ್ದರೆ ಗೇಟಿನಲ್ಲೇ ತಡೆದಿದೆ, ಯೂಸೇಜ್ ಹಕ್ಕು ಬೇಕು. ಟೇಬಲ್ ಎಂದಿದ್ದರೆ ಫಂಕ್ಷನ್ ಓಡಿದೆ, ಒಳಗೆ ಎಲ್ಲೋ ಸಿಕ್ಕಿಬಿದ್ದಿದೆ. ಸ್ಕೀಮಾ, ಟೇಬಲ್, ಫಂಕ್ಷನ್ ಮೂರಕ್ಕೂ ಕೋಡ್ ಮಾತ್ರ ಒಂದೇ, 42501.

ಫಂಕ್ಷನ್ನೇ ಆದರೆ ಅವರು ನೋಡುತ್ತಿದ್ದದ್ದು ಪಿಜಿ_ಪ್ರಾಕ್ ಟೇಬಲ್ಲಿನ ಪ್ರೊಎಸಿಎಲ್ ಕಾಲಂ. ಅದು ಖಾಲಿಯಿದ್ದರೆ ಯಾರಿಗೂ ಹಕ್ಕಿಲ್ಲ ಅಂದುಕೊಳ್ಳುತ್ತೇವೆ. ತಪ್ಪು. ಖಾಲಿ ಎಂದರೆ ಹುಟ್ಟಿದಾಗಿನಂತೆಯೇ ಇದೆ, ಯಾರು ಬೇಕಾದರೂ ಓಡಿಸಬಹುದು. ತುಂಬಿದ್ದರೆ, ಸಮ ಚಿಹ್ನೆಯ ಎಡಕ್ಕೆ ಹಕ್ಕು ಪಡೆದವರ ಹೆಸರು, ಬಲಕ್ಕೆ 'ಎಕ್ಸ್' ಅಕ್ಷರ, ಓರೆಗೆರೆಯ ಆಚೆ ಕೊಟ್ಟವರು. ಎಡಕ್ಕೆ ಹೆಸರೇ ಇಲ್ಲದಿದ್ದರೆ ಅದು ಪಬ್ಲಿಕ್, ಅಂದರೆ ಎಲ್ಲರೂ.

ಅಪ್‌ಡೇಟ್ ಇದನ್ನು ಕೆಡಿಸುವುದು ಹೀಗೆ. 'ಕ್ರಿಯೇಟ್ ಆರ್ ರಿಪ್ಲೇಸ್' ಎಂದರೆ ಹಳೆಯ ಹಕ್ಕುಗಳು ಉಳಿಯುತ್ತವೆ. ಡ್ರಾಪ್ ಮಾಡಿ ಮತ್ತೆ ಕ್ರಿಯೇಟ್ ಮಾಡಿದರೆ ಹೆಸರು ಅದೇ, ಕೂಸು ಬೇರೆ. ಕೊಟ್ಟಿದ್ದ ಗ್ರಾಂಟ್‌ಗಳೆಲ್ಲ ಹಳೆಯದರ ಜೊತೆಗೇ ಹೋದವು. ಡಿಫಾಲ್ಟ್ ಪ್ರಿವಿಲೇಜ್‌ನಲ್ಲಿ ಪಬ್ಲಿಕ್ ಹಕ್ಕು ಕಿತ್ತಿಟ್ಟ ಕಡೆ ಹೊಸ ಫಂಕ್ಷನ್ ಬೀಗ ಹಾಕಿಕೊಂಡೇ ಹುಟ್ಟುತ್ತದೆ, ಎರರ್ ಬರುತ್ತದೆ. ಕೀಳದ ಕಡೆ ಕಥೆ ಉಲ್ಟಾ: ಹಿಂದೆ ಇಬ್ಬರಿಗಷ್ಟೇ ಬಿಟ್ಟಿದ್ದ ಸಂಬಳದ ಫಂಕ್ಷನ್ ಈಗ ಎಲ್ಲರಿಗೂ ತೆರೆದಿರುತ್ತದೆ, ಯಾರಿಂದಲೂ ದೂರಿಲ್ಲ. ಮೇಡಂ ಹೆದರುತ್ತಿದ್ದದ್ದು ಇದಕ್ಕೇ. ಎರರ್ ಬಂದ ದಿನ ಅವರು ಎರರ್ ಬಾರದ ಫಂಕ್ಷನ್‌ಗಳನ್ನೂ ತೆಗೆದು ನೋಡುತ್ತಿದ್ದರು.

ಆರ್ಗ್ಯುಮೆಂಟಿನ ಟೈಪ್ ಬದಲಾಗಿದ್ದರೆ ರಿಪ್ಲೇಸ್ ಕೂಡ ಸದ್ದಿಲ್ಲದೆ ಎರಡನೆಯದನ್ನು ಹುಟ್ಟಿಸುತ್ತದೆ. ಹಾಗಾಗಿ ಗ್ರಾಂಟ್ ಬರೆಯುವಾಗ ಟೈಪ್‌ಗಳನ್ನೂ ಬರೆಯುತ್ತಿದ್ದರು. ಒಂದೇ ಸಾಲು, ಒಂದೇ ರೋಲ್‌ಗೆ. ಆ ಸಾಲು ಮೈಗ್ರೇಷನ್ ಫೈಲಿಗೂ ಹೋಗಬೇಕು, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಇದೇ ಪಾಡು.

ಕೊನೆಗೆ 'ಸೆಟ್ ರೋಲ್' ಕೊಟ್ಟು, ಆ್ಯಪ್‌ನ ರೋಲ್‌ನಲ್ಲೇ ಓಡಿಸಿ ನೋಡುವುದು. ಸೂಪರ್‌ಯೂಸರ್‌ಗೆ ಹಕ್ಕಿನ ತಪಾಸಣೆಯೇ ಇಲ್ಲವಲ್ಲ. 'ನನ್ನ ಹತ್ರ ಓಡ್ತಿದೆಯಲ್ಲ ಮೇಡಂ' ಅಂದರೆ ಅವರ ಪ್ರಶ್ನೆ ಒಂದೇ: "ಯಾರಾಗಿ ಓಡಿಸಿದ್ರಿ?"